ದಾಸವಾಳದ ನೀರು ಬಣ್ಣ ಬದಲಿಸದಿದ್ದರೆ ತಪ್ಪು ಎಲ್ಲಿ ಹುಡುಕಬೇಕು

ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಬೇಕು. ಒಂದು ಗ್ಲಾಸಿಗೆ ನಿಂಬೆರಸ, ಇನ್ನೊಂದಕ್ಕೆ ಅಡಿಗೆ ಸೋಡಾ. ಹುಳಿ ಬಿದ್ದದ್ದು ಗುಲಾಬಿ ಆಗುತ್ತದೆ, ಸೋಡಾ ಬಿದ್ದದ್ದು ಹಸಿರಾಗುತ್ತದೆ. ಮಕ್ಕಳ ಪುಸ್ತಕದಲ್ಲಿ ಇರುವುದು ಇಷ್ಟೇ. ಆದರೆ ನಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಿದರೆ ಎಷ್ಟೋ ಸಲ ಹಾಗಾಗುವುದಿಲ್ಲ. ಸೋಸಿದ ನೀರು ಕಂದಾಗುತ್ತದೆ, ಇಲ್ಲವೇ ಕಪ್ಪಾಗುತ್ತದೆ, ಇಲ್ಲವೇ ಏನೂ ಹಾಕುವ ಮೊದಲೇ ಗುಲಾಬಿಯಾಗಿ ಕೂತಿರುತ್ತದೆ. ಆಗ ದೊಡ್ಡವರು "ಹೂ ಸರಿಯಿಲ್ಲ, ಬಿಡು" ಅಂತ ಹೇಳಿ ಎಲ್ಲವನ್ನೂ ಚೆಲ್ಲಿಬಿಡುತ್ತಾರೆ. ದಯವಿಟ್ಟು ಚೆಲ್ಲಬೇಡಿ. ಆ ಬೇಡದ ಬಣ್ಣಕ್ಕೂ ಒಂದು ಕಾರಣ ಇರುತ್ತದೆ. ಅದು ನೀರಿನಲ್ಲಿರಬಹುದು, ಪಾತ್ರೆಯಲ್ಲಿರಬಹುದು, ಅಂಗಡಿಯಿಂದ ತಂದ ಪುಡಿಯಲ್ಲಿರಬಹುದು. ಮಕ್ಕಳೇ ಅದನ್ನು ಹುಡುಕಲಿ. ನನ್ನನ್ನು ಕೇಳಿದರೆ ಗುಲಾಬಿ ಮತ್ತು ಹಸಿರು ನೋಡುವುದಕ್ಕಿಂತ ಈ ಹುಡುಕಾಟದಲ್ಲೇ ಅವರು ಜಾಸ್ತಿ ಕಲಿಯುತ್ತಾರೆ.

ಇದನ್ನು ಕಾಸರಗೋಡಿನ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಬಾವಿ ನೀರು, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ಎಲೆಯಡಿಕೆ ತಟ್ಟೆಯಲ್ಲಿ ಸುಣ್ಣ, ಭರಣಿಯಲ್ಲಿ ಒಣ ಪುನರ್ಪುಳಿ (ಕೋಕಂ). ಬೇರೆ ಊರಿನ ವೀಡಿಯೋ ನೋಡಿ ಹಾಗೇ ಮಾಡಿದರೆ ಇಲ್ಲಿ ಹಾಗೇ ಬರುವುದಿಲ್ಲ, ಏಕೆಂದರೆ ಇವೆಲ್ಲ ಬಣ್ಣದ ಮೇಲೆ ಕೈಯಾಡಿಸುತ್ತವೆ.

ಮೊದಲು ಏನೂ ಹಾಕದ ಗ್ಲಾಸು

ತಪ್ಪು ಹುಡುಕುವ ಮೊದಲು ಇದೊಂದು ಅಭ್ಯಾಸ ಬೇಕು. ಸೋಸಿದ ನೀರನ್ನು ಮೂರು ಗ್ಲಾಸಿಗೆ ಸಮಪಾಲು ಮಾಡಿ. ಒಂದಕ್ಕೆ ಹುಳಿ, ಒಂದಕ್ಕೆ ಸೋಡಾ, ಒಂದಕ್ಕೆ ಏನೂ ಇಲ್ಲ. ಈ ಮೂರನೆಯದು ಕೊನೆಯವರೆಗೂ ಪಕ್ಕದಲ್ಲೇ ಇರಬೇಕು. ಇದಿಲ್ಲದೆ "ಬಣ್ಣ ಬದಲಾಯ್ತಾ ಇಲ್ವಾ" ಅನ್ನುವ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ, ಸುಮ್ನೆ ಜಗಳ ಆಗುತ್ತದೆ. ಗ್ಲಾಸಿನ ಹಿಂದೆ ಒಂದು ಬಿಳಿ ಹಾಳೆ ನಿಲ್ಲಿಸಿ, ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ತಿಳಿ ನೇರಳೆಯೂ ಕಂದಿನಂತೆ ಕಾಣುತ್ತದೆ.

ಇನ್ನೊಂದು ಅಭ್ಯಾಸ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೀರು ಬದಲಿಸಿದರೆ ಪಾತ್ರೆ ಅದೇ ಇರಲಿ, ಹೂ ಅದೇ ಮರದ್ದಿರಲಿ. ನೀರು, ಪಾತ್ರೆ, ಹೂ ಮೂರನ್ನೂ ಒಟ್ಟಿಗೆ ಬದಲಿಸಿದಿರಿ ಅಂದರೆ ಸರಿಯಾದ ಬಣ್ಣ ಬಂದರೂ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಸೋಸಿದ ನೀರೇ ಕಂದು ಅಥವಾ ಬಣ್ಣವೇ ಇಲ್ಲ

ದಾಸವಾಳದ ಕೆಂಪಿಗೆ ಕಾರಣ ಆಂಥೋಸಯನಿನ್ ಅನ್ನುವ ಗುಂಪಿನ ಬಣ್ಣ. ಹುಳಿಯಲ್ಲಿ ಅದರ ಅಣುವಿನ ರಚನೆ ಒಂದು ರೀತಿ, ಕ್ಷಾರದಲ್ಲಿ ಇನ್ನೊಂದು ರೀತಿ, ಅದಕ್ಕೇ ಬಣ್ಣ ತಿರುಗುವುದು. ಹೂವಿನ ಬಣ್ಣ ಹೀಗೆ ತಿರುಗುವುದನ್ನು ರಾಬರ್ಟ್ ಬಾಯ್ಲ್ 1664ರಲ್ಲೇ ವಯೊಲೆಟ್ ಹೂವಿನ ಪಾಕದಲ್ಲಿ ತೋರಿಸಿ ಬರೆದಿದ್ದರು. ಆದರೆ ಈ ಬಣ್ಣಕ್ಕೆ ಜಾಸ್ತಿ ಬಿಸಿ ತಡೆಯುವುದಿಲ್ಲ. ಎಸಳನ್ನು ಒಲೆಯ ಮೇಲೆ ಕಾಲು ಗಂಟೆ ಕುದಿಸಿದರೆ ಅದು ಒಡೆದು ಕಂದಾಗುತ್ತದೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಆಮೇಲೆ ಎಸಳು ಹಾಕಿ ಮುಚ್ಚಿಡಿ. ಐದು ಹತ್ತು ನಿಮಿಷ ಸಾಕು. ಒಂದು ಗ್ಲಾಸು ನೀರಿಗೆ ಐದಾರು ಹೂ.

ಹಸಿರು ತೊಟ್ಟು, ಮಧ್ಯದ ಕಡ್ಡಿ, ಹಳದಿ ಪರಾಗ ಎಲ್ಲ ತೆಗೆದು ಎಸಳು ಮಾತ್ರ ಹಾಕಿ. ಬಿಳಿ, ಹಳದಿ ದಾಸವಾಳದಲ್ಲಿ ಈ ಬಣ್ಣ ಇರುವುದಿಲ್ಲ ಅಥವಾ ತೀರಾ ಕಡಿಮೆ. ಮಳೆಗಾಲದಲ್ಲಿ ಇಡೀ ದಿನ ನೆನೆದು ಜೋತುಬಿದ್ದ ಹೂವೂ ಬೇಡ, ಬೆಳಗ್ಗೆ ಅರಳಿದ್ದನ್ನು ತನ್ನಿ. ತೋಟದ ಅಂಚಿನ ಗಿಡವಾದರೆ ಕೇಳಿಕೊಂಡು ಕೊಯ್ಯಿರಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟ ಮೇಲೆ ಮರದ ಕೆಳಗಿನ ಹೂವಿನ ಮೇಲೂ ಅದರಲ್ಲಿರುವ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬಿದ್ದಿರುತ್ತದೆ. ಅದು ಬಣ್ಣವನ್ನೂ ಕೆಡಿಸುತ್ತದೆ, ಮಕ್ಕಳ ಕೈಗೂ ಒಳ್ಳೆಯದಲ್ಲ.

ಲೋಳೆ ಬಂದು ಸೋಸಲು ಆಗುತ್ತಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪಲ್ಲ, ದಾಸವಾಳದ ಗುಣ. ತಲೆಗೆ ಹಚ್ಚಲು ದಾಸವಾಳದ ಗೊಂಪು (ಲೋಳೆ) ಮಾಡುವವರಿಗೆ ಗೊತ್ತಿರುತ್ತದೆ. ಎಸಳನ್ನು ಕಿವುಚಬೇಡಿ, ಹಿಂಡಬೇಡಿ. ತೆಳು ಬಟ್ಟೆಯಲ್ಲಿ ತಾನಾಗಿ ಇಳಿಯಲು ಬಿಡಿ.

ಕಪ್ಪು ನೀಲಿ ಆಯ್ತಾ? ಪಾತ್ರೆ ನೋಡಿ

ನಿಂಬೆ, ಸೋಡಾ ಯಾವುದೂ ಹಾಕದೆ ನೀರು ಮಸಿಯ ಹಾಗೆ ಕಪ್ಪು ನೀಲಿಗೆ ತಿರುಗಿದರೆ ಮೊದಲ ಅನುಮಾನ ಕಬ್ಬಿಣದ ಮೇಲೆ. ಕಬ್ಬಿಣದ ಬಾಣಲೆ, ತುಕ್ಕು ಹಿಡಿದ ಸೌಟು, ಅಥವಾ ಕಬ್ಬಿಣದ ಅಂಶ ಇರುವ ಕೊಳವೆಬಾವಿ ನೀರು. ಕಬ್ಬಿಣ ಈ ಬಣ್ಣಕ್ಕೆ ಅಂಟಿಕೊಂಡು ಹೊಸ ಬಣ್ಣ ಕಟ್ಟುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲೂ ಹೀಗೇ, ಸ್ವಲ್ಪ ಕಡಿಮೆ. ಆಮೇಲೆ ನಿಂಬೆ ಹಾಕಿದರೂ ಚೆಂದದ ಗುಲಾಬಿ ಬರುವುದಿಲ್ಲ.

ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಇನ್ನೊಮ್ಮೆ ಮಾಡಿ. ಸರಿಯಾದರೆ ತಪ್ಪು ಪಾತ್ರೆಯದ್ದು. ಸ್ಟೀಲಿನಲ್ಲೂ ಕಪ್ಪಾದರೆ ನೀರಿನದ್ದು. ಕೊಳವೆಬಾವಿ ನೀರನ್ನು ಬಕೆಟಿನಲ್ಲಿ ರಾತ್ರಿಯಿಡೀ ಇಟ್ಟು ಬೆಳಗ್ಗೆ ತಳದಲ್ಲಿ ಕೆಂಪು ಗಸಿ ಇದೆಯಾ ನೋಡಿ. ಇದ್ದರೆ ಅದು ಕಬ್ಬಿಣ. ಮಕ್ಕಳಿಗೆ ಇದನ್ನು ತೋರಿಸಲೇಬೇಕು, ಅವರು ದಿನಾ ಕುಡಿಯುವ ನೀರಲ್ವಾ.

ಏನೂ ಹಾಕದೆ ಗುಲಾಬಿ: ಇದು ನಮ್ಮ ಬಾವಿಯ ಕತೆ

ಕಾಸರಗೋಡಿನಲ್ಲಿ ಹೆಚ್ಚು ಗೊಂದಲ ಮಾಡುವುದು ಇದೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಸೋಸಿದ ನೀರು ನೇರಳೆ ಛಾಯೆಯಲ್ಲಿ ಇರಬೇಕಿತ್ತು, ಗುಲಾಬಿಯ ಕಡೆ ವಾಲಿದೆ. ನಿಂಬೆ ಹಾಕಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮಕ್ಕಳು "ಏನೂ ಆಗಿಲ್ಲ" ಅನ್ನುತ್ತಾರೆ.

ಮೊದಲು ಗ್ಲಾಸು, ಸೌಟು, ಬಟ್ಟೆ ತೊಳೆದದ್ದು ಸರಿಯಾಗಿದೆಯಾ ನೋಡಿ. ಹುಳಿ ಕಿವುಚಿದ ಪಾತ್ರೆ ಆಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಅದಲ್ಲ ಅಂದರೆ ನೀರೇ ಸ್ವಲ್ಪ ಹುಳಿ. ಹುಳಿ ಕ್ಷಾರ ಅಳೆಯುವ ಪಿಎಚ್ ಅಳತೆ ಬಂದದ್ದು 1909ರಲ್ಲಿ, ಕೋಪನ್‌ಹೇಗನ್‌ನ ಸೋರೆನ್ಸನ್ ಎಂಬ ವಿಜ್ಞಾನಿಯಿಂದ. 7 ಅಂದರೆ ನಡುಮಧ್ಯ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಕುಡಿಯುವ ನೀರು 6.5ರಿಂದ 8.5ರ ಒಳಗೆ ಇರಬೇಕು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಮುರಕಲ್ಲಿನ ನೆಲದ ಎಷ್ಟೋ ಬಾವಿಗಳ ನೀರು ಇದಕ್ಕಿಂತ ಕೆಳಗೇ ಇರುತ್ತದೆ. ಇಲ್ಲಿ ಸುರಿಯುವ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ಕಾಲಾಂತರದಲ್ಲಿ ತೊಳೆದುಬಿಟ್ಟಿದೆ. ಬೇರುಗಳೂ ಮಣ್ಣಿನ ಜೀವಿಗಳೂ ಬಿಡುವ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಅದನ್ನು ಹುಳಿ ಮಾಡುತ್ತದೆ, ಆ ಹುಳಿಯನ್ನು ತಡೆಯಲು ಮಣ್ಣಿನಲ್ಲಿ ಸುಣ್ಣ ಇಲ್ಲ. ಬಾಯಾರು, ಪೆರ್ಲ ಕಡೆಯ ಸುರಂಗದ ನೀರೂ ಇದೇ ಮುರಕಲ್ಲಿನ ಗುಡ್ಡದ ಹೊಟ್ಟೆಯಿಂದ ಬರುವುದು, ಮೆದು ನೀರು.

ಇದು ನಿಜವಾ ಅಂತ ಮನೆಯಲ್ಲೇ ನೋಡಬಹುದು. ಬಾವಿ ನೀರನ್ನು ಎರಡು ಪಾಲು ಮಾಡಿ. ಒಂದನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿ ಆರಿಸಿ. ಇನ್ನೊಂದು ಹಾಗೇ ಇರಲಿ. ದಪ್ಪಗೆ ಮಾಡಿಟ್ಟ ದಾಸವಾಳದ ನೀರನ್ನು ಎರಡಕ್ಕೂ ಒಂದೊಂದು ಚಮಚ ಹಾಕಿ. ಕುದಿಸಿದ್ದು ಕಡಿಮೆ ಗುಲಾಬಿ, ಜಾಸ್ತಿ ನೇರಳೆ ಆಗಿ ಕಂಡರೆ ಹುಳಿ ಬಂದದ್ದು ಕರಗಿದ ಕಾರ್ಬನ್ ಡೈಆಕ್ಸೈಡಿನಿಂದ, ಕುದಿಸಿದಾಗ ಅದು ಹಾರಿಹೋಯಿತು. ವ್ಯತ್ಯಾಸ ಸೂಕ್ಷ್ಮ, ಬಿಳಿ ಹಾಳೆ ಇಲ್ಲದೆ ಕಾಣುವುದಿಲ್ಲ. ಆದರೂ ತಮ್ಮ ಮನೆಯ ಬಾವಿಯ ಗುಣವನ್ನು ಒಂದು ಹೂವಿನಿಂದ ಕಂಡುಹಿಡಿದ ಮಗುವಿಗೆ ಆಗುವ ಖುಷಿ ದೊಡ್ಡದು.

ಇದಕ್ಕೆ ಪರಿಹಾರ ಸುಲಭ. ಕುದಿಸಿ ಆರಿಸಿದ ನೀರಿನಲ್ಲೇ ಪ್ರಯೋಗ ಮಾಡಿ. ಅಥವಾ ಹೂ ಬದಲಿಸಿ, ನೀಲಿ ಶಂಖಪುಷ್ಪ ತನ್ನಿ. ಅದು ಸಣ್ಣಪುಟ್ಟ ಹುಳಿಗೆ ಬಗ್ಗುವುದಿಲ್ಲ, ಬಾವಿ ನೀರಿನಲ್ಲಿ ನೀಲಿಯಾಗಿಯೇ ಇರುತ್ತದೆ. ನಿಂಬೆ ಬಿದ್ದರೆ ನೇರಳೆ, ಕ್ಷಾರ ಬಿದ್ದರೆ ಹಸಿರು. ಸಣ್ಣ ಮಕ್ಕಳಿಗೆ ಶಂಖಪುಷ್ಪವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ದಾಸವಾಳ ಸ್ವಲ್ಪ ದೊಡ್ಡವರಿಗೆ.

ತದ್ವಿರುದ್ಧ ತೊಂದರೆಯೂ ಉಂಟು. ಕೆಲವು ಕೊಳವೆಬಾವಿಗಳ ನೀರು ಗಡಸು, ಅದರಲ್ಲಿ ಬೈಕಾರ್ಬನೇಟ್ ಜಾಸ್ತಿ. ಒಂದೆರಡು ಹನಿ ನಿಂಬೆ ಹಾಕಿದರೆ ಅದು ನುಂಗಿಬಿಡುತ್ತದೆ, ಬಣ್ಣ ಅಲುಗುವುದೇ ಇಲ್ಲ. ಹನಿ ಹಾಕುತ್ತಲೇ ಇರಿ, ಒಂದು ಹಂತದಲ್ಲಿ ತಟ್ಟನೆ ತಿರುಗುತ್ತದೆ. ಎಷ್ಟು ಹನಿ ಬೇಕಾಯಿತು ಅಂತ ಮಕ್ಕಳು ಬರೆದಿಡಲಿ, ಪಕ್ಕದ ಮನೆಯ ನೀರಿನೊಂದಿಗೆ ಹೋಲಿಸಲಿ.

ಬಣ್ಣ ಬಂದು ಮಾಯವಾಯಿತು

ಗುಲಾಬಿಯೂ ಅಲ್ಲ, ಹಸಿರೂ ಅಲ್ಲ, ನೀರು ನಿಧಾನಕ್ಕೆ ಬಿಳಿಚಿಕೊಂಡಿತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ ಕೇಳಿ. ಮಳೆಗಾಲದಲ್ಲಿ ಊರಲ್ಲೆಲ್ಲ ಹಾಕುತ್ತಾರೆ, ಹಾಕಲೂಬೇಕು. ಆದರೆ ಕ್ಲೋರಿನ್ ಹೂವಿನ ಬಣ್ಣವನ್ನು ಕೊಂದುಬಿಡುತ್ತದೆ. ನಲ್ಲಿ ನೀರಿನಲ್ಲೂ ಇದಾಗಬಹುದು. ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಅಥವಾ ಕುದಿಸಿ ಬಳಸಿ.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಬ್ಲೀಚಿಂಗ್ ಪೌಡರನ್ನೂ ಪರೀಕ್ಷೆ ಮಾಡೋಣ" ಅಂತ ಮಕ್ಕಳು ಕೇಳುತ್ತಾರೆ. ಬೇಡ. ಅದಕ್ಕೆ ನಿಂಬೆ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದು ತಾಗಿದರೂ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶಕ್ಕೆ ಅಪಾಯ. ಬಚ್ಚಲು, ಟಾಯ್ಲೆಟ್ ತೊಳೆಯುವ ಸಾಮಾನು ಯಾವುದೂ ಈ ಆಟಕ್ಕೆ ಬರಬಾರದು.

ಸೋಡಾ ಹಾಕಿದರೂ ಹಸಿರಾಗುವುದಿಲ್ಲ

ಪ್ಯಾಕೆಟ್ ತಿರುಗಿಸಿ ಓದಿ. ಬೇಕಿಂಗ್ ಪೌಡರ್ ಅಂತ ಇದ್ದರೆ ಅದರಲ್ಲಿ ಸೋಡಾ ಜೊತೆ ಒಂದು ಒಣ ಆಮ್ಲ, ಒಂದಷ್ಟು ಪಿಷ್ಟ ಸೇರಿಸಿರುತ್ತಾರೆ. ನೀರು ಬಿದ್ದ ಕೂಡಲೇ ಆಮ್ಲವೂ ಸೋಡಾವೂ ತಮ್ಮೊಳಗೇ ಹೊಡೆದಾಡಿ ಮುಗಿಸುತ್ತವೆ, ಹೂವಿನ ಬಣ್ಣಕ್ಕೆ ಏನೂ ಉಳಿಯುವುದಿಲ್ಲ. ಲೇಬಲ್ ಇಲ್ಲದ ಡಬ್ಬಿಯಾದರೆ ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿ. ಬೇಕಿಂಗ್ ಪೌಡರ್ ಜೋರಾಗಿ ನೊರೆಯುತ್ತದೆ, ನೀರು ಮಬ್ಬಾಗಿಯೇ ಇರುತ್ತದೆ. ಆ ನೀರಿಗೆ ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಔಷಧ ಒಂದು ಹನಿ ಬಿಟ್ಟರೆ ಪಿಷ್ಟದಿಂದ ಕಪ್ಪು ನೀಲಿಯಾಗುತ್ತದೆ. ಅಡಿಗೆ ಸೋಡಾಕ್ಕೆ ಹಾಗಾಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ಅದಲುಬದಲು ನಡೆಯುತ್ತದೆ. ಅಂಗಡಿಯವರು ಮಲಯಾಳದಲ್ಲಿ ಅಪ್ಪಕ್ಕಾರಂ ಅನ್ನುವುದು ಅಡಿಗೆ ಸೋಡಾ, ಅಲಕ್ಕುಕಾರಂ ಅನ್ನುವುದು ಬಟ್ಟೆ ಒಗೆಯುವ ಸೋಡಾ. ಮಕ್ಕಳನ್ನು ಅಂಗಡಿಗೆ ಕಳಿಸುವಾಗ ಸರಿಯಾಗಿ ಹೇಳಿಕೊಡಿ. ಅಡಿಗೆ ಸೋಡಾ ನೀರಿನ ಪಿಎಚ್ ಸುಮಾರು 8.3, ದಾಸವಾಳ ನೀಲಿ ಹಸಿರು ಆಗುತ್ತದೆ. ಒಗೆಯುವ ಸೋಡಾ 11ರ ಹತ್ತಿರ, ಬಣ್ಣ ದಟ್ಟ ಹಸಿರಾಗಿ ಆಮೇಲೆ ಹಳದಿಗೆ ಇಳಿಯುತ್ತದೆ. ಹಳದಿ ಬಂತು ಅಂದರೆ ಪುಡಿ ತಪ್ಪಿದೆ ಅಂತ ಅನುಮಾನ ಪಡಿ, ಕೈ ತೊಳೆಸಿ.

ಸಾಬೂನಿನದ್ದೂ ಹೀಗೇ. "ಸಾಬೂನು ಕ್ಷಾರ" ಅಂತ ಪುಸ್ತಕದಲ್ಲಿದೆ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಏನೂ ಆಗುವುದಿಲ್ಲ. ಪುಸ್ತಕ ಹೇಳುವುದು ಎಣ್ಣೆಯಿಂದ ಮಾಡಿದ ಗಟ್ಟಿ ಸಾಬೂನಿನ ಬಗ್ಗೆ. ಪಾತ್ರೆಯ ಲಿಕ್ವಿಡ್, ಶಾಂಪೂ ಹೆಚ್ಚಿನವು ಡಿಟರ್ಜೆಂಟ್, 7ರ ಆಚೀಚೆ ಇರುವಂತೆ ತಯಾರಿಸಿರುತ್ತಾರೆ. ಸ್ನಾನದ ಅಥವಾ ಬಟ್ಟೆಯ ಬಾರ್ ಸಾಬೂನು ತುರಿದು ಹಾಕಿ ನೋಡಿ.

ಸುಣ್ಣ ಸತ್ತಿದೆಯಾ

ಎಲೆಯಡಿಕೆಯ ಸುಣ್ಣ ಒಳ್ಳೆಯ ಕ್ಷಾರ. ತಿಳಿ ಸುಣ್ಣದ ನೀರಿನ ಪಿಎಚ್ 12ರ ಮೇಲೆ. ಆದರೆ ಡಬ್ಬಿ ತೆರೆದಿಟ್ಟು ಒಣಗಿದ ಹಳೆ ಸುಣ್ಣ ಹಾಕಿದರೆ ಬಣ್ಣ ಮಂದವಾಗಿಯೇ ತಿರುಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅದು ಮತ್ತೆ ಚಿಪ್ಪಿನ ಪುಡಿಯೇ ಆಗಿಬಿಟ್ಟಿರುತ್ತದೆ. ಚಿಪ್ಪು ಸುಟ್ಟು ಮಾಡಿದ್ದು ಮತ್ತೆ ಚಿಪ್ಪಿನ ವಸ್ತುವಾಗುತ್ತದೆ, ಇದು ಮಕ್ಕಳಿಗೆ ತುಂಬ ಹಿಡಿಸುತ್ತದೆ. ಗಟ್ಟಿಯಾದ ಮೇಲ್ಪದರ ಕೆರೆದು ಒಳಗಿನ ಒದ್ದೆ ಸುಣ್ಣ ತೆಗೆದುಕೊಳ್ಳಿ. ಒಂದು ಚಿಟಿಕೆ ನೀರಿನಲ್ಲಿ ಕದಡಿ, ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಬಳಸಿ.

ತೋಟದವರಿಗೆ ಈ ತೊಂದರೆ ಹೊಸದಲ್ಲ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ಲೆಕ್ಕ ಹಾಕಿದರೂ ಸುಣ್ಣ ಹಳತಾದರೆ ಬೋರ್ಡೋ ಹುಳಿಯಾಗಿಯೇ ಉಳಿಯುತ್ತದೆ. ಅದಕ್ಕೇ ಅವರು ಉಜ್ಜಿದ ಚೂರಿ ಅದ್ದಿ ನೋಡುವುದು, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಮನೆಯಲ್ಲಿ ಅಜ್ಜ ಇದ್ದರೆ ಮಕ್ಕಳು ಹೋಗಿ ಕೇಳಲಿ, ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಕೇಳುವುದು ಮಾತ್ರ, ಮೈಲುತುತ್ತು ಮುಟ್ಟುವುದು ಬೇಡ.

ಸುಣ್ಣ ಕಲಸುವುದು ದೊಡ್ಡವರ ಕೆಲಸ. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಪೆಟ್ಟು ಬೀಳುತ್ತದೆ. ಹಾರಿದರೆ ಉಜ್ಜದೆ, ಆ ಕ್ಷಣವೇ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ.

ಅರಸಿನ ಮತ್ತು ಪುನರ್ಪುಳಿ

ಹೂ ಸಿಗದವರು ಅರಸಿನ ಹಿಡಿಯುತ್ತಾರೆ. ಅದಕ್ಕೆ ನಿಂಬೆ ಹಾಕಿ ಕಾಯುವುದು ವ್ಯರ್ಥ, ಹುಳಿಯಲ್ಲೂ ಅದು ಹಳದಿ, ಬರೀ ನೀರಿನಲ್ಲೂ ಹಳದಿ. ಕ್ಷಾರ ಬಿದ್ದಾಗ ಮಾತ್ರ ಕೆಂಪು. ಅಂಗಿಯ ಮೇಲಿನ ಅರಸಿನದ ಕಲೆ ಸಾಬೂನು ತಾಗಿದಾಗ ಕೆಂಪಾಗುವುದೂ, ಆರತಿಗೆ ಅರಸಿನಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡುವುದೂ ಇದೇ. ಅಡಿಗೆ ಸೋಡಾ ಹಾಕಿ ಕೆಂಪು ಬರಲಿಲ್ಲ ಅಂದರೂ ಬೇಸರ ಬೇಡ. ಅರಸಿನ ತಿರುಗುವುದು ಸರಿಸುಮಾರು ಪಿಎಚ್ 8ರ ಹತ್ತಿರ, ಸೋಡಾ ಅಲ್ಲೇ ಗಡಿಯಲ್ಲಿದೆ, ಮಾಸಲು ಕಿತ್ತಳೆಯಷ್ಟೇ ಬರುತ್ತದೆ. ಒಗೆಯುವ ಸೋಡಾ ಮತ್ತು ಅಡಿಗೆ ಸೋಡಾ ಯಾವುದು ಅಂತ ಗುರುತಿಸಲು ಅರಸಿನವನ್ನೇ ಬಳಸಬಹುದು, ಒಗೆಯುವುದಾದರೆ ಗಾಢ ಕೆಂಪು.

ಪುನರ್ಪುಳಿಯ ಕೆಂಪೂ ಆಂಥೋಸಯನಿನ್ನೇ. ಸಿಪ್ಪೆ ನೆನೆಸಿದ ನೀರು ನೋಡಲು ಬಲು ಚೆಂದ. ಆದರೆ ಅದರಲ್ಲೇ ಹುಳಿ ತುಂಬಿಕೊಂಡಿದೆ, ನಿಂಬೆ ಹಾಕಿದರೆ ಬಣ್ಣ ಇದ್ದಲ್ಲೇ ಇರುತ್ತದೆ. ಸೋಡಾ ಹಾಕಿದರೆ ನೊರೆ ಉಕ್ಕುತ್ತದೆ, ಆದರೂ ಕೆಂಪು ಕೆಂಪೇ. ಹಣ್ಣಿನ ಹುಳಿ ತೀರುವವರೆಗೆ ಸೋಡಾ ಅದಕ್ಕೇ ಖರ್ಚಾಗುತ್ತದೆ, ಅದಕ್ಕೆ ಹೀಗೆ. ಒಂದು ಚಮಚ ಪುನರ್ಪುಳಿ ನೀರಿಗೆ ಒಂದು ಗ್ಲಾಸು ಕುದಿಸಿ ಆರಿಸಿದ ನೀರು ಬೆರೆಸಿ ತೆಳು ಮಾಡಿ, ಆಮೇಲೆ ಚಿಟಿಕೆ ಚಿಟಿಕೆಯಾಗಿ ಸೋಡಾ ಹಾಕಿ. ನೊರೆ ನಿಂತ ಮೇಲೆಯೇ ಬಣ್ಣ ತಿರುಗಲು ಶುರು. ಅಗಲ ಬಾಯಿಯ ಪಾತ್ರೆ ಇರಲಿ, ಮುಚ್ಚಳ ಬಿಗಿದ ಬಾಟ್ಲಿಯಲ್ಲಿ ಎಂದೂ ಮಾಡಬೇಡಿ, ಅನಿಲ ತುಂಬಿ ಸಿಡಿಯುತ್ತದೆ.

ಕಾಗದದ ಪಟ್ಟಿ ತಾನಾಗಿ ಹಸಿರಾಯಿತು

ವಿಜ್ಞಾನ ಮೇಳಕ್ಕೆ ಅಂತ ಮಕ್ಕಳು ಕಾಗದವನ್ನು ದಾಸವಾಳದ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಬೆಳಗ್ಗೆ ನೋಡಿದರೆ ಪಟ್ಟಿಯೆಲ್ಲ ನೀಲಿ ಹಸಿರು. ಜೆರಾಕ್ಸ್ ಕಾಗದವನ್ನು ಬೆಳ್ಳಗೆ ಮಾಡಲು ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿರುತ್ತಾರೆ, ಕಾಗದವೇ ಕ್ಷಾರ. ಶಾಲೆಯ ಲ್ಯಾಬಿನ ಫಿಲ್ಟರ್ ಪೇಪರ್ ಕೇಳಿ ತನ್ನಿ. ಬಿಳಿ ಹತ್ತಿ ಬಟ್ಟೆಯೂ ಆಗುತ್ತದೆ, ಸೋಪಿನ ಅಂಶ ಪೂರ್ತಿ ಹೋಗುವ ಹಾಗೆ ಬರೀ ನೀರಿನಲ್ಲಿ ಮೂರ್ನಾಲ್ಕು ಸಲ ಜಾಲಿಸಿರಬೇಕು. ನೆರಳಿನಲ್ಲೇ ಒಣಗಿಸಿ, ಬಿಸಿಲಿಗೆ ಬಣ್ಣ ಹಾರುತ್ತದೆ.

ಹಸಿರಾದ ಗ್ಲಾಸಿಗೆ ನಿಂಬೆ ಹಿಂಡಿದರೆ ಮತ್ತೆ ಗುಲಾಬಿ ಬರಬೇಕು. ಬರದಿದ್ದರೆ ತುಂಬ ಹೊತ್ತು ಕ್ಷಾರದಲ್ಲಿ ಬಿಟ್ಟಿದ್ದೀರಿ, ಅಷ್ಟರಲ್ಲಿ ಬಣ್ಣದ ಅಣು ಮುರಿದಿರುತ್ತದೆ. ಹಿಂದೆ ಮುಂದೆ ತಿರುಗಿಸುವ ಆಟವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿ, ಸುಣ್ಣದಲ್ಲಾದರೆ ಇನ್ನೂ ಬೇಗ.

ಉಳಿದ ದಾಸವಾಳದ ನೀರು ಹೊರಗಿಟ್ಟರೆ ಮರುದಿನವೇ ಹಳಸುತ್ತದೆ, ಹಳಸಿದ್ದು ತಾನಾಗಿ ಹುಳಿಯಾಗಿ ಮತ್ತೆ ಗೊಂದಲ ಮಾಡುತ್ತದೆ. ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಬೇಕಾದಾಗ ಒಂದೊಂದು ತುಂಡು ತೆಗೆದು ಕರಗಿಸಿ. ಟ್ರೇಯ ಮೇಲೆ "ಕುಡಿಯಬಾರದು" ಅಂತ ದೊಡ್ಡದಾಗಿ ಬರೆಯಿರಿ, ಪುನರ್ಪುಳಿ ಶರಬತ್ತಿನ ಐಸ್ ಅಂದುಕೊಂಡು ಯಾರಾದರೂ ಗ್ಲಾಸಿಗೆ ಹಾಕಿಕೊಳ್ಳಬಹುದು.